ಕರಿಬೇವು ತಿನ್ನುವ ಹುಳುವೇ ನಾಳಿನ ಚಿಟ್ಟೆ

ಪ್ರಶ್ನೆ: ತಾರಸಿಯಲ್ಲಿ ಚೆಂಡುಹೂವು, ಸುತ್ತುದಾಸವಾಳ ತುಂಬ ಇವೆ. ಚಿಟ್ಟೆ ಬಂದರೂ ನಿಲ್ಲುವುದಿಲ್ಲ. ಅತ್ತ ಕುಂಡದ ಕರಿಬೇವನ್ನು ಹಸಿರು ಹುಳು ಬೋಳಿಸುತ್ತಿದೆ. ಬೇವಿನೆಣ್ಣೆ ಹೊಡೆಯಲೇ?

ಉತ್ತರ: ದಯವಿಟ್ಟು ಬೇಡ. ಅದು ಬಹುತೇಕ ಲೈಮ್ ಬಟರ್‌ಫ್ಲೈ ಇಲ್ಲವೇ ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಕೊನೆಯ ಸಲ ಪೊರೆ ಬಿಟ್ಟ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ಘಾಟು ಬಿಡುತ್ತದೆ; ಭಯಬೇಡ. ಎಲೆ ಹೆಚ್ಚು ಖಾಲಿಯಾಗುವುದು ಈ ಹಸಿರು ಹಂತದಲ್ಲೇ, ಅದೂ ಕೆಲವೇ ದಿನ. ಆಮೇಲೆ ಮೇವು ಬಿಟ್ಟು ಕೋಶ ಕಟ್ಟಲು ಜಾಗ ಹುಡುಕುತ್ತದೆ. ಆ ಹೊತ್ತಿನಲ್ಲಿ ಕಡ್ಡಿ ಕತ್ತರಿಸಬೇಡಿ. ಅಡುಗೆಗೊಂದು, ಹುಳುವಿಗೊಂದು ಎಂದು ಎರಡು ಕರಿಬೇವು ಬೆಳೆಸಿ, ಹುಳುವನ್ನು ಕೂತ ಎಲೆಸಮೇತ ಎರಡನೆಯದಕ್ಕೆ ಸಾಗಿಸಿ. ನರ್ಸರಿಯಿಂದ ಹೊಸದಾಗಿ ತಂದ ಗಿಡಕ್ಕೆ ಮಾತ್ರ ಬಿಡಬೇಡಿ: ಅಲ್ಲಿ ಹಾಕಿದ ಕೀಟನಾಶಕ ಎಲೆಯಲ್ಲಿ ಉಳಿದಿದ್ದರೆ ಹುಳು ಸಾಯುತ್ತದೆ.

ಚಿಟ್ಟೆ ನಿಲ್ಲಬೇಕಾದರೆ ಮರಿಗೆ ಮೇವಿನ ಗಿಡ ಬೇಕು. ಪ್ಲೇನ್ ಟೈಗರ್‌ಗೆ ಎಕ್ಕ (ಹಾಲು ಕಣ್ಣಿಗೆ ತಾಗದಿರಲಿ), ಕಾಮನ್ ಕ್ರೋಗೆ ಕಣಗಿಲೆ, ಕಾಮನ್ ರೋಸ್‌ಗೆ ಈಶ್ವರಿ ಬಳ್ಳಿ. ಈಶ್ವರಿಯದೇ ಜಾತಿಯ, ದೊಡ್ಡ ಹೂವಿನ ಅಲಂಕಾರದ ಬಳ್ಳಿ ಡಚ್‌ಮನ್ಸ್ ಪೈಪ್ ತರಬೇಡಿ. ಚಿಟ್ಟೆ ಮೋಸಹೋಗಿ ಅದರ ಮೇಲೂ ಮೊಟ್ಟೆಯಿಡುತ್ತದೆ, ಮರಿಗಳು ಬದುಕುವುದಿಲ್ಲ. ಮಕರಂದಕ್ಕೆ ಒಂಟಿ ಎಸಳಿನ ಜಿನಿಯಾ, ಪೆಂಟಾಸ್, ಕೇಪಳ ಒಳ್ಳೆಯವು. ಸುತ್ತು ಹೂಗಳಲ್ಲಿ ಎಸಳು ದಟ್ಟವಾಗಿ ಮಕರಂದ ಸುಲಭವಾಗಿ ಸಿಗುವುದಿಲ್ಲ.

ಪ್ರಶ್ನೆ: ಬಕೆಟ್ಟಿನಲ್ಲಿ ನೀರಿಟ್ಟರೂ ಹಕ್ಕಿ ಇಳಿಯುತ್ತಿಲ್ಲ, ಏಕೆ?

ಉತ್ತರ: ಆಳ ಹೆಚ್ಚು, ಅಂಚು ಜಾರುತ್ತದೆ. ಒಂದೂವರೆ ಅಡಿ ಅಗಲದ ಒರಟು ಮಣ್ಣಿನ ತಟ್ಟೆ ತನ್ನಿ. ಅಂಚಿನಲ್ಲಿ ಅರ್ಧ ಇಂಚು, ನಡುವೆ ಎರಡು ಇಂಚು ನೀರು ಸಾಕು; ಮೇಲೆದ್ದು ಕಾಣುವಂತೆ ಒಂದು ಕಲ್ಲಿಡಿ. ಪೊದೆಗೆ ಆರೇಳು ಅಡಿ ದೂರವಿರಲಿ: ಬೆಕ್ಕು ಹೊಂಚುಹಾಕಲಾಗದು, ಹಕ್ಕಿಗೆ ಹಾರಿ ಅಡಗಲೂ ಆದೀತು. ದಿನವೂ ನೀರು ಚೆಲ್ಲಿ, ತಟ್ಟೆ ಉಜ್ಜಿ. ವಾರ ಬಿಟ್ಟರೆ ಸೊಳ್ಳೆ ಹುಟ್ಟುತ್ತದೆ.

ಪ್ರಶ್ನೆ: ಅಕ್ಕಿ ಹಾಕಿದರೆ ಪಾರಿವಾಳಗಳಷ್ಟೇ ಬರುತ್ತವೆ.

ಉತ್ತರ: ಅಕ್ಕಿ ನಿಲ್ಲಿಸಿ. ನೆಲವಿದ್ದರೆ ಒಂದು ಗಸಗಸೆ ಹಣ್ಣಿನ ಗಿಡ ನೆಡಿ, ಬೇಗ ಬೆಳೆದು ಫಲ ಕೊಡುತ್ತದೆ. ಪಿಕಳಾರ, ಕುಟ್ರ ಹಕ್ಕಿಗಳು ತಾವೇ ಬರುತ್ತವೆ. ಕುಂಡವಷ್ಟೇ ಇದ್ದರೆ ಒಂಟಿ ಎಸಳಿನ ಕೆಂಪು ದಾಸವಾಳ ಸಾಕು, ಸೂರಕ್ಕಿಗಳು ಬಂದೇ ಬರುತ್ತವೆ.