ವಾಲ್ವ್ ಒಂದೇ ಅಲ್ಲ, ಗೋಡೆಯೂ ಕೆಟ್ಟಿರುತ್ತದೆ

ಅಮ್ಮನ ಕಾಲಿನಲ್ಲಿ ಉಬ್ಬಿದ ರಕ್ತನಾಳಗಳಿಗೆ, ಅಂದರೆ ವೆರಿಕೋಸ್ ವೇನ್ಸ್‌ಗೆ ಬಿಗಿ ಸ್ಟಾಕಿಂಗ್ಸ್ ಹಾಕಿದರೆ ನಾಳ ಮೊದಲಿನಂತಾಗುತ್ತಾ, ಕೆಟ್ಟಿರುವುದು ವಾಲ್ವ್ (ರಕ್ತ ಕೆಳಕ್ಕೆ ವಾಪಸ್ ಬರದಂತೆ ತಡೆಯುವ ಕವಾಟ) ಮಾತ್ರ ಅಲ್ವಾ ಅಂತ ಕೇಳಿದ್ದೀರಿ. ಮೊದಲಿನಂತಾಗುವುದಿಲ್ಲ. ಅಲ್ಲಾಡದೆ ನಿಂತಾಗ ಪಾದದ ಗಂಟಿನ ಹತ್ತಿರ ನಾಳದೊಳಗೆ ಸುಮಾರು 80-90 ಎಂಎಂ ಪಾದರಸದಷ್ಟು ಒತ್ತಡ ಇರುತ್ತದೆ, ನಡೆದಾಗ ಮೀನಖಂಡ ಹಿಂಡಿ ಅದು ಇಳಿಯಬೇಕು, ವೆರಿಕೋಸ್ ವೇನ್ಸ್ ಇರುವವರಲ್ಲಿ ಸರಿಯಾಗಿ ಇಳಿಯುವುದಿಲ್ಲ. ಆಗ ಬಿಳಿ ರಕ್ತಕಣಗಳು ನಾಳದ ಗೋಡೆಯೊಳಗೆ ನುಗ್ಗುತ್ತವೆ, ಎಂಎಂಪಿ ಅನ್ನುವ, ಗೋಡೆಯ ನಾರು ಕತ್ತರಿಸುವ ಕಿಣ್ವಗಳು ಜಾಸ್ತಿಯಾಗಿ, ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳು ತುಂಡಾಗುತ್ತವೆ. ಗೋಡೆಯ ನಾರುಗಳಲ್ಲಿ ಗಡುಸಾದ ಟೈಪ್ 1 ಕೊಲಾಜನ್ ಹೆಚ್ಚಿ, ಬಳುಕುವ ಟೈಪ್ 3 ಕಡಿಮೆಯಾಗುತ್ತದೆ. ಬಿಗಿ ಹಿಡಿಯಬೇಕಾದ ಸ್ನಾಯುಕೋಶಗಳು ಆ ಕೆಲಸ ಬಿಟ್ಟು ಸುಮ್ನೆ ನಾರು ತಯಾರಿಸುತ್ತಾ ಕೂರುತ್ತವೆ! ಅದಕ್ಕೇ ಒಂದೇ ನಾಳ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಎಷ್ಟೋ ಸಲ ಗೋಡೆ ಹಿಗ್ಗಿದ ಮೇಲೇ ವಾಲ್ವ್ ಸೋರುವುದು. ಸ್ಟಾಕಿಂಗ್ಸ್‌ನಿಂದ ಊತ, ನೋವು ಕಡಿಮೆಯಾಗುತ್ತದೆ, ಹಾಕಲಿ. ಮೊದಲು ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ.