ಕಥೆಯನ್ನು ಹೇಳಿದ್ದೀರಿ, ಕಥೆಯ ಬಗ್ಗೆ ಹೇಳಿಲ್ಲ

ಪ್ರಿಯ ಬರಹಗಾರರೇ,

ಮಾಸ್ತಿ ವೆಂಕಟೇಶ ಅಯ್ಯಂಗಾರರ ಸಣ್ಣಕಥೆಯ ಮೇಲಿನ ‘ಮೊಸರಿನ ಮಂಗಮ್ಮ: ಒಂದು ವಿಮರ್ಶೆ’ ಎಂಬ ನಿಮ್ಮ ಲೇಖನ ತಲುಪಿದೆ, ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಗದ್ಯ ಹದವಾಗಿದೆ, ಕಥೆಯನ್ನು ಅಕ್ಕರೆಯಿಂದ ಓದಿದ್ದೀರಿ ಎಂಬುದೂ ಕಾಣುತ್ತದೆ. ಹಾಗಾಗಿ ಕಾರಣವನ್ನು ಬಿಡಿಸಿಯೇ ಹೇಳುತ್ತೇನೆ. ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಮೊದಲ ಪುಟವೆಲ್ಲ ಮಾಸ್ತಿಯವರ ಪರಿಚಯ: 1891ರಲ್ಲಿ ಜನನ, ‘ಶ್ರೀನಿವಾಸ’ ಎಂಬ ಕಾವ್ಯನಾಮ, 1983ರ ಜ್ಞಾನಪೀಠ. ಎಲ್ಲವೂ ನಿಜ, ಯಾವುದೂ ಈ ಕಥೆಯ ಬಾಗಿಲು ತೆರೆಯುವುದಿಲ್ಲ. ಆಮೇಲಿನ ಪುಟಗಳಲ್ಲಿ ಕಥೆಯನ್ನೇ ಮತ್ತೊಮ್ಮೆ ಹೇಳಿದ್ದೀರಿ. ಮೊಸರು ಮಾರುವ ಮಂಗಮ್ಮನ ಮೊಮ್ಮಗನನ್ನು ಸೊಸೆ ನಂಜಮ್ಮ ಹೊಡೆದದ್ದು, ಮಗ ಹೆಂಡತಿಯ ಪರ ನಿಂತದ್ದು, ಮಂಗಮ್ಮ ಬೇರೆಯಾದದ್ದು, ಮಖಮಲ್ಲಿನ ರವಿಕೆ, ಕಾಗೆ ಮಿಠಾಯಿ ಕಚ್ಚಿಕೊಂಡು ಹೋದದ್ದು, ಸಾಲ ಕೇಳುತ್ತ ಊರಿನ ರಂಗಪ್ಪ ಅವಳ ಹಿಂದೆ ಬಿದ್ದದ್ದು. ಕೊನೆಗೆ ‘ಅತ್ತೆ ಸೊಸೆಯರ ಸಂಬಂಧವನ್ನು ಲೇಖಕರು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂಬ ಷರಾ. ಕಥೆ ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಓದದವರು ಮಾಸ್ತಿಯವರನ್ನೇ ಓದಲಿ, ಅವರು ನಮ್ಮಿಬ್ಬರಿಗಿಂತ ಚೆನ್ನಾಗಿ ಹೇಳುತ್ತಾರೆ.

ತಪ್ಪು ಪೂರ್ತಿ ನಿಮ್ಮದಲ್ಲ. ‘ಈ ಪಾಠದ ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರ ಬರೆದು ಬರೆದು ನಮ್ಮೆಲ್ಲರ ಕೈ ಪಳಗಿಬಿಟ್ಟಿದೆ.

ಈಗ ನಿಮ್ಮ ಲೇಖನದ ಒಂದೇ ಒಂದು ವಾಕ್ಯಕ್ಕೆ ಬರುತ್ತೇನೆ: ‘ಮೊಮ್ಮಗನ ನಿಷ್ಕಲ್ಮಷ ಪ್ರೀತಿ ಮುರಿದ ಮನೆಯನ್ನು ಒಂದುಗೂಡಿಸಿತು.’ ಮತ್ತೆ ಕಥೆ ತೆರೆದು ನೋಡಿ. ಮಗು ಅಜ್ಜಿಯ ಹತ್ತಿರ ಓಡಿಬಂದ ಸಂಗತಿ ನಮಗೆ ಮೊದಲು ಸಿಗುವುದು ಮಂಗಮ್ಮನ ಬಾಯಿಂದ. ಅವಳ ಪಾಲಿಗೆ ಅದು ಅಪ್ಪಟ ಪ್ರೀತಿ. ಅದೇ ಸಂಗತಿಯನ್ನು ಮುಂದೆ ನಂಜಮ್ಮ ಹೇಳುತ್ತಾಳೆ. ಅತ್ತೆಯ ದುಡ್ಡು ರಂಗಪ್ಪನ ಪಾಲಾದೀತು ಎಂಬ ದಿಗಿಲಿನಲ್ಲಿ, ಅಜ್ಜಿಯ ಬಳಿಯೇ ಇರು ಎಂದು ಮಗುವಿಗೆ ಹೇಳಿಕೊಟ್ಟು ಕಳಿಸಿದವಳು ಅವಳೇ! ಘಟನೆ ಒಂದು, ಹೇಳುವ ಬಾಯಿ ಎರಡು. ನೀವು ಮಂಗಮ್ಮನ ಮಾತನ್ನು ಕಥೆಯ ಮಾತೆಂದು ನಂಬಿ ಮುಂದೆ ಹೋಗಿದ್ದೀರಿ. ವಿಮರ್ಶೆ ಶುರುವಾಗಬೇಕಾದದ್ದು ಅಲ್ಲಿಯೇ.

ಅಲ್ಲಿ ನಿಂತು ಕೇಳಬಹುದಾದ ಪ್ರಶ್ನೆಗಳನ್ನು ನೋಡಿ. ಸೊಸೆಯ ಮಾತನ್ನು ಮಾಸ್ತಿ ಅಷ್ಟು ತಡವಾಗಿ ಏಕೆ ಕೇಳಿಸುತ್ತಾರೆ? ಮೊದಲೇ ಕೇಳಿಸಿದ್ದರೆ ಮಂಗಮ್ಮನ ಮೇಲಿನ ನಮ್ಮ ಮರುಕ ಇಷ್ಟು ಗಟ್ಟಿಯಾಗುತ್ತಿತ್ತೇ? ಗಂಡನ ಮೇಲೆ, ಮಗನ ಮೇಲೆ ತನಗೂ ಹಕ್ಕು ಬೇಡವೇ ಎಂದು ಕೇಳುವ ನಂಜಮ್ಮ ಕೆಟ್ಟವಳೇ, ಲೆಕ್ಕ ಬಲ್ಲವಳೇ? ಲೆಕ್ಕ ಹಾಕಿ ಕಳಿಸಿದ ಮಗುವಿನ ಪ್ರೀತಿ ಸುಳ್ಳಾಗಿಬಿಡುತ್ತದೆಯೇ? ಕಥೆ ಹೇಳುವ ಗೃಹಿಣಿಯನ್ನಂತೂ ನಿಮ್ಮ ಲೇಖನ ಹೆಸರಿಗೂ ನೆನೆಯುವುದಿಲ್ಲ. ಮೊಸರು ಕೊಳ್ಳುತ್ತ, ಸಮಾಧಾನ ಹೇಳುತ್ತ, ಎರಡೂ ಕಡೆಯ ಅಹವಾಲು ಕೇಳುವವಳು ಅವಳು. ಅವಳ ಕಿವಿಗೆ ಬಿದ್ದಷ್ಟೇ ನಮಗೆ ದಕ್ಕುವುದು. ಕೊನೆಯಲ್ಲಿ ಅವಳು ಕೊಡುವ ಹೋಲಿಕೆ ನೆನಪಿದೆಯೇ? ನೀರಿನಲ್ಲಿ ಮಗನ ಕಾಲು ಹಿಡಿದು ಎಳೆಯುವ ಮೊಸಳೆಯ ಜಾಗದಲ್ಲಿ ಸೊಸೆ, ಮೇಲಿನಿಂದ ತೋಳು ಹಿಡಿದು ಉಳಿಸಿಕೊಳ್ಳುವವರ ಜಾಗದಲ್ಲಿ ತಾಯಿ. ನಂಜಮ್ಮನ ವಾದವನ್ನು ಕೇಳಿಸಿಕೊಂಡ ಮೇಲೂ ಅವಳು ಸೊಸೆಯನ್ನು ಮೊಸಳೆಯಾಗಿಸಿದಳಲ್ಲ! ಈ ತೀರ್ಪು ಮಾಸ್ತಿಯವರದೋ, ಆ ಗೃಹಿಣಿಯದೋ? ನನ್ನ ಮಟ್ಟಿಗೆ ಅವಳದು. ಸೊಸೆಗೆ ಅಷ್ಟು ಗಟ್ಟಿಯಾದ ಮಾತು ಕೊಟ್ಟ ಲೇಖಕ ಅವಳನ್ನು ಮೊಸಳೆಯೆಂದು ನಂಬಿರಲಾರ. ನೀವು ಒಪ್ಪಬೇಕಾಗಿಲ್ಲ. ಒಪ್ಪದಿದ್ದರೆ ಕಥೆಯೊಳಗಿನ ಸಾಲುಗಳನ್ನೇ ಹಿಡಿದು ನನ್ನ ಜೊತೆ ಜಗಳವಾಡಿ.

ನಿಮ್ಮ ವಾಕ್ಯಗಳ ಜೊತೆ ಅಂಥ ಜಗಳಕ್ಕೆ ಅವಕಾಶವೇ ಇಲ್ಲ. ‘ಮಂಗಮ್ಮ ಬೇರೆ ಮನೆ ಮಾಡಿದಳು’ ಎಂದರೆ ಯಾರು ಅಲ್ಲಗಳೆಯುತ್ತಾರೆ? ‘ಮಗು ಬಂದದ್ದು ಪ್ರೀತಿಯಿಂದಲ್ಲ, ಆಸ್ತಿಯ ಭಯದಿಂದ’ ಎಂದು ಬರೆಯಿರಿ, ತಕ್ಷಣ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಹಾಗಂತ ಬಾಯಿಗೆ ಬಂದದ್ದನ್ನು ಹೇಳಿ ‘ನನ್ನ ಅನಿಸಿಕೆ’ ಎಂದು ಜಾರಿಕೊಳ್ಳಬೇಡಿ. ಸ್ತ್ರೀವಾದ, ವಸಾಹತುಶಾಹಿ ಎಂದು ಹಣೆಪಟ್ಟಿ ತಂದು ಅಂಟಿಸುವುದೂ ಬೇಡ. ಆ ಚಟ ಸಾರಾಂಶದ ಚಟಕ್ಕಿಂತ ಕೆಟ್ಟದ್ದು.

ಸಾರಾಂಶವೇ ಕೂಡದು ಎನ್ನುತ್ತಿಲ್ಲ. ವಾದಕ್ಕೆ ಎಷ್ಟು ಬೇಕೋ ಅಷ್ಟು ಕಥೆ ಹೇಳಿ. ಇಲ್ಲಿ ನಾಲ್ಕು ವಾಕ್ಯ ಸಾಕು.

ಇದೇ ಲೇಖನವನ್ನು ತಿದ್ದಿ ಕಳಿಸಬೇಡಿ. ಇದನ್ನು ಬದಿಗಿಟ್ಟು, ಮಗು ಅಜ್ಜಿಯ ಮನೆಗೆ ಬಂದ ಆ ಒಂದು ಪ್ರಸಂಗದ ಮೇಲೆ ಮಾತ್ರ ಎರಡು ಪುಟ ಬರೆಯಿರಿ. ಪರಿಚಯದ ಪುಟ ಬೇಡ, ‘ಅತ್ತೆ ಸೊಸೆಯರು ಹೊಂದಿಕೊಂಡು ಬಾಳಬೇಕೆಂಬ ಸಂದೇಶ’ವೂ ಬೇಡ. ಬಂದರೆ ಖಂಡಿತ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ