ಯುದ್ಧದ ನೆನಪಿನ ಪುಸ್ತಕಗಳಲ್ಲಿ ಕಾಣುವ ರಾಜಕೀಯ ಸಿದ್ಧಾಂತ ಸೈನಿಕನಿಗೆ ರಣರಂಗದಲ್ಲೇ ಇತ್ತಾ?

ಪುಸ್ತಕವನ್ನಷ್ಟೇ ನಂಬಿ ಹಾಗೆ ಹೇಳೋಕಾಗಲ್ಲ. ಎಷ್ಟೋ ಸಲ ಸಿದ್ಧಾಂತ ಬರೆಯಲು ಕೂತಾಗ ಸೇರುತ್ತದೆ, ಇಲ್ಲವೇ ಆಗಲೇ ಅಳಿಸಿಹೋಗುತ್ತದೆ.

ಕಂದಕದಲ್ಲಿ ಕೂತವನಿಗೆ ಯುದ್ಧ ಹೇಗೆ ಮುಗಿಯುತ್ತದೆಂದು ಗೊತ್ತಿರುವುದಿಲ್ಲ. ಬರೆಯುವವನಿಗೆ ಗೊತ್ತು. ‘ಇಷ್ಟು ಜನ ಸತ್ತದ್ದು ಯಾಕೆ?’ ಅನ್ನೋದಕ್ಕೆ ಅವನಿಗೊಂದು ಉತ್ತರ ಬೇಕು. ಆ ಉತ್ತರ ಬರೆಯುವ ಕಾಲದ ರಾಜಕೀಯಕ್ಕೆ ತಕ್ಕಂತೆ ಬದಲಾಗುತ್ತದೆ.

ಜರ್ಮನ್ ಅಧಿಕಾರಿ ಎರ್ನ್‌ಸ್ಟ್ ಯೂಂಗರ್ ಅವರನ್ನೇ ನೋಡಿ. ಮೊದಲ ಮಹಾಯುದ್ಧದ ದಿನಚರಿ ಇಟ್ಟುಕೊಂಡು 1920ರಲ್ಲಿ ‘ಇನ್ ಷ್ಟಾಲ್‌ಗೆವಿಟರ್ನ್’ (ಉಕ್ಕಿನ ಬಿರುಗಾಳಿಯಲ್ಲಿ) ಎಂಬ ನೆನಪಿನ ಪುಸ್ತಕ ಪ್ರಕಟಿಸಿದರು. ಆಮೇಲೆ ಅದನ್ನು ಮತ್ತೆ ಮತ್ತೆ ತಿದ್ದಿದರು. ಸೋತ ಜರ್ಮನಿ ಕುದಿಯುತ್ತಿದ್ದ 1924ರ ಆವೃತ್ತಿಯಲ್ಲಿ ರಾಷ್ಟ್ರವಾದ ಜಾಸ್ತಿಯಾಯಿತು. ಜರ್ಮನಿ ಎಂದೂ ಅಳಿಯದು ಎಂಬ ಘೋಷಣೆಯೊಂದಿಗೆ ಪುಸ್ತಕ ಮುಗಿಯಿತು. 1934ರಲ್ಲಿ ಅಂಥ ಭಾಗಗಳನ್ನು ಅವರೇ ತೆಗೆದರು. ಯುದ್ಧ ಅದೇ, ಗಾಯಗಳೂ ಅವೇ. ಅವುಗಳ ಅರ್ಥ ಮಾತ್ರ ಬೇರೆ.

ಹಾಗಂತ ಸೈನಿಕರಿಗೆ ಸಿದ್ಧಾಂತವೇ ಇರಲಿಲ್ಲ ಅನ್ನಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಪೂರ್ವ ರಂಗದಿಂದ, ಅಂದರೆ ಸೋವಿಯತ್ ಒಕ್ಕೂಟದ ವಿರುದ್ಧ ಹೋರಾಡುತ್ತಿದ್ದ ಕಡೆಯಿಂದ, ಮನೆಗೆ ಬರೆದ ಎಷ್ಟೋ ಪತ್ರಗಳಲ್ಲಿ ನಾಜಿಗಳ ಮಾತೇ ತುಂಬಿದೆ. ಜರ್ಮನ್ ಸೇನಾಪತಿ ಮಾನ್‌ಸ್ಟೈನ್ 1941ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶ ‘ಯಹೂದಿ-ಬೋಲ್ಶೆವಿಕ್’ ವ್ಯವಸ್ಥೆಯನ್ನು (ಸೋವಿಯತ್ ಕಮ್ಯುನಿಸ್ಟ್ ಆಡಳಿತದ ಹಿಂದೆ ಯಹೂದಿಗಳಿದ್ದಾರೆ ಅನ್ನುವ ನಾಜಿಗಳ ಮಾತು ಇದು) ನಿರ್ನಾಮ ಮಾಡಬೇಕು ಅನ್ನುತ್ತದೆ. 1955ರ ಆತ್ಮಕಥೆಯಲ್ಲಿ ಅದೇ ಮನುಷ್ಯ ತಾನು ಬರೀ ಸೈನಿಕ ಅನ್ನುವಂತೆ ಬರೆದುಕೊಂಡರು. ನನಗಂತೂ ಇದು ಯೂಂಗರ್ ತಿದ್ದುಪಡಿಗಿಂತ ಎಷ್ಟೋ ಗಂಭೀರ ಅನಿಸುತ್ತದೆ. ಅದಕ್ಕೇ ಇಂಥ ಪುಸ್ತಕ ಓದುವಾಗ ಆ ಕಾಲದ ಪತ್ರ, ಆದೇಶಗಳನ್ನೂ ಜೊತೆಗಿಟ್ಟು ನೋಡಬೇಕು.